ಹಿಡಿ ಭತ್ತದ ಒಡ್ಡು

“ಊರಿಗೆ ಊರೇ ಕೈಕೊಟ್ಟಿತು, ಗುರುಗಳೇ,” ಎಂದ ಶಿಷ್ಯ. “ಚರಂಡಿಯನ್ನು ಇನ್ನೊಂದು ಮೊಳ ಆಳ ಮಾಡಬೇಕೇ ಎಂದು ಮನೆಮನೆಗೆ ಹೋಗಿ ಕೇಳಿದೆ. ಇಷ್ಟು ದುಡಿಮೆ ಹಿಡಿಯುತ್ತದೆ, ನಿಮ್ಮ ಮನೆಗೆ ಅಷ್ಟು ಪ್ರಯೋಜನ ಉಂಟೇ ಎಂದೆ. ಎಲ್ಲರೂ ಇಲ್ಲ ಎಂದರು. ಕೆಳಗಿನ ಕೇರಿಯಲ್ಲಿ ಮಕ್ಕಳು ಕೊಳಚೆ ತುಳಿದು ಕಾಯಿಲೆ ಬೀಳುತ್ತಿದ್ದಾರೆ. ತೋಡಬೇಕಾದವರೂ ಆ ಕೇರಿಯವರೇ, ಅವರೂ ಇಲ್ಲ ಎಂದರು. ‘ಊರ ಚರಂಡಿನೆಲ್ಲ ನಾವೇ ತೋಡೋಕಾಗುತ್ತಾ ಸ್ವಾಮಿ?’ ಎಂದು ನನ್ನನ್ನೇ ಕೇಳಿದರು. ಒಬ್ಬೊಬ್ಬರಿಗೂ ಬೇಡವಾದದ್ದು ಊರಿಗೆ ಬೇಕು ಎಂದು ನಾನು ಯಾವ ಬಾಯಿಂದ ಹೇಳಲಿ?”

ಬೆಳಗಿನಿಂದ ಅಲೆದು ಅವನ ಕಾಲು ಸೋತಿತ್ತು. ಗುರುವಿಗೆ ಆ ಪ್ರಶ್ನೆ ಕೇಳಿ ಕೇಳಿ ಸಾಕಾಗಿತ್ತು. ಆದರೂ ಒಂದು ಕತೆ ಹೇಳಿದರು.

ಹಿನ್ನೀರಿನ ದಂಡೆಯಲ್ಲಿ ಒಂದು ಊರಿತ್ತು. ಊರಿನ ಗದ್ದೆಗಳಿಗೆಲ್ಲ ಒಂದೇ ಮಣ್ಣಿನ ಒಡ್ಡು. ಸಮುದ್ರ ಉಬ್ಬಿದ ದಿನ ಉಪ್ಪುನೀರು ಒಡ್ಡು ದಾಟಿದರೆ ಎಲ್ಲರ ಭತ್ತವೂ ಅಷ್ಟಿಷ್ಟು ಸುಟ್ಟುಹೋಗುತ್ತಿತ್ತು. ಒಡ್ಡಿಗೆ ಹಾಕಿದರೆ ನಿಲ್ಲುವಂಥ ಜೇಡಿಮಣ್ಣು ಇದ್ದದ್ದು ಒಬ್ಬ ರೈತನ ಗದ್ದೆಯಲ್ಲಿ ಮಾತ್ರ. ಅವನಿಗೆ ಮೂರು ತಾಕು. ಒಂದು ತಾಕನ್ನು ಅಗೆದರೆ ಒಡ್ಡು ಒಂದು ಪದರ ಏರುತ್ತಿತ್ತು. ಅಗೆದ ತಾಕು ಹೊಂಡ, ಅದರಲ್ಲಿ ಬೆಳೆಯಿಲ್ಲ.

ಊರ ಮುಖಂಡ ಮನೆಮನೆಗೆ ಹೋಗಿ ಕೇಳಿದ. “ಒಂದು ಪದರ ಏರಿಸಿದರೆ ನಿನಗೆಷ್ಟು ಉಳಿಯುತ್ತದೆ? ಅದಕ್ಕಾಗಿ ಹೊಂಡವಾಗುವ ಒಂದು ತಾಕಿನ ಬೆಳೆಯಷ್ಟು ಭತ್ತ ನೀನು ಕೊಡುತ್ತೀಯಾ?” ಒಬ್ಬನಿಗೆ ಎರಡು ಮೂಟೆ ಉಳಿಯುತ್ತಿತ್ತು, ಇನ್ನೊಬ್ಬನಿಗೆ ಒಂದು. ತಾಕಿನ ಬೆಳೆ ಹತ್ತು ಮೂಟೆ. ಯಾರು ಒಪ್ಪುತ್ತಾರೆ? ಒಡ್ಡು ಏರಲಿಲ್ಲ. ನೀರು ಬಂತು. ಗದ್ದೆಗಳಲ್ಲಿ ಉಪ್ಪು ಬೆಳ್ಳಗೆ ಕೂತಿತು. ಅಲ್ಲಿಯ ತನಕ ಯಾರೂ ಸುಳ್ಳು ಹೇಳಿರಲಿಲ್ಲ. ಕೇಳಿದ ರೀತಿಯೇ ತಪ್ಪಾಗಿತ್ತು.

ಮರುವರ್ಷ ಆ ರೈತನೇ ಎದ್ದು ನಿಂತ. ನೀರು ಬಂದರೆ ಎಲ್ಲರ ಗದ್ದೆಗೂ ಬರುತ್ತದೆ, ಒಡ್ಡು ನಿಂತರೆ ಎಲ್ಲರನ್ನೂ ಕಾಯುತ್ತದೆ, ಮತ್ತೆ ಒಬ್ಬೊಬ್ಬನನ್ನೇ ಯಾಕೆ ಕೇಳುತ್ತೀರಿ ಎಂದ. ಅಂಗಳದಲ್ಲಿ ಚಾಪೆ ಹಾಸಿದ. ಮೊದಲ ಪದರದಿಂದ ಉಳಿಯುವ ಒಂದೊಂದು ಮೂಟೆಗೂ ಒಂದೊಂದು ಹಿಡಿ ಭತ್ತ ಸುರಿಯಿರಿ ಎಂದ. ಎಲ್ಲರೂ ಸುರಿದರು. ತನ್ನ ತಾಕಿನ ಬೆಳೆಗೆಂದು ಅವನು ಪಕ್ಕದಲ್ಲಿ ಹತ್ತು ಹಿಡಿ ಹಾಕಿದ. ಊರಿನ ರಾಶಿ ಅವನ ರಾಶಿಯ ಎರಡರಷ್ಟಿತ್ತು. ಎರಡನೆಯ ಪದರಕ್ಕೆ ಸುರಿದಾಗ ಊರಿನ ರಾಶಿ ಇಳಿಯಿತು, ಆದರೂ ಅವನದಕ್ಕಿಂತ ತುಸು ಹೆಚ್ಚೇ ಇತ್ತು. ಮೂರನೆಯದಕ್ಕೆ ಬಿದ್ದದ್ದು ನಾಲ್ಕೇ ಹಿಡಿ. ಅಷ್ಟು ಎತ್ತರಕ್ಕೆ ನೀರು ಬರುವುದೇ ಅಪರೂಪ.

ತಗ್ಗಿನ ಗದ್ದೆಯವನು ಬಿಡಲಿಲ್ಲ. “ಇರಲಿ ಮಾರಾಯ, ಮೂರನೆಯದನ್ನೂ ಏರಿಸಿಬಿಡು. ನಿನಗೇನು ಮಣ್ಣಿಗೆ ಬರವೇ?”

“ನಾಲ್ಕು ಮೂಟೆ ಉಳಿಸೋದಕ್ಕೆ ಹತ್ತು ಮೂಟೆ ಹೂಳಲಾ? ಸಾಕು,” ಎಂದ ರೈತ.

ಒಡ್ಡು ಎರಡು ಪದರ ಏರಿತು. ಅವನ ಎರಡು ತಾಕು ಹೊಂಡವಾದವು. ಆ ವರ್ಷ ನೀರು ಒಡ್ಡಿಗೆ ಬಡಿದು ಹಿಂದಕ್ಕೆ ಹೋಯಿತು. ಎಲ್ಲರ ಕಣವೂ ತುಂಬಿತು.

ಸುಗ್ಗಿ ಮುಗಿದ ಮೇಲೆ ರೈತ ಖಾಲಿ ಚೀಲ ಹೊತ್ತು ಹೊರಟ. ತನ್ನ ಎರಡು ತಾಕಿನ ಬೆಳೆಯನ್ನು ಊರು ಹಂಚಿಕೊಂಡು ತುಂಬಿಕೊಡುತ್ತದೆ ಎಂದೇ ಅವನು ನಂಬಿದ್ದ.

“ಅವತ್ತು ಬರೀ ಅಳತೆ ನೋಡಿದ್ದಲ್ಲವಾ? ಕೊಡ್ತೇನೆ ಅಂತ ಅಂದಿದ್ದೆನಾ?” ಎಂದ ಒಬ್ಬ. “ನನ್ನ ಗದ್ದೆ ಎತ್ತರದಲ್ಲಿದೆ. ಒಡ್ಡು ಇಲ್ಲದಿದ್ದರೂ ನನಗೇನೂ ಆಗ್ತಿರಲಿಲ್ಲ,” ಎಂದ ಇನ್ನೊಬ್ಬ. ಅವನೂ ಅಂದು ಹಿಡಿ ಸುರಿದವನೇ. ತಗ್ಗಿನ ಗದ್ದೆಯವನು ಬಾಗಿಲನ್ನೇ ತೆಗೆಯಲಿಲ್ಲ. ಕೊಡದವನ ಗದ್ದೆಯನ್ನು ಎತ್ತಿ ಒಡ್ಡಿನ ಆಚೆಗೆ ಇಡಲು ಬರುವುದಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಚೀಲ ಖಾಲಿಯಾಗಿಯೇ ಮನೆಗೆ ಬಂತು.

ಮಳೆಗಾಲ ಒಡ್ಡನ್ನು ಕರಗಿಸಿತು. ಮಣ್ಣು ಕೇಳಲು ಊರೇ ರೈತನನ್ನು ಹುಡುಕಿಕೊಂಡು ಬಂತು. ಅವನು ಉಳಿದ ಒಂದು ತಾಕಿನ ಬದುವಿನ ಮೇಲೆ ಕೂತಿದ್ದ. ಬೈಯುವಷ್ಟು ಕಸುವೂ ಅವನಲ್ಲಿ ಉಳಿದಿರಲಿಲ್ಲ. “ಇದನ್ನೂ ಅಗೆದರೆ ಮಕ್ಕಳ ಗಂಜಿಗೆ ಏನು ಮಾಡಲಿ?” ಎಂದಷ್ಟೇ ಕೇಳಿದ. ಆಗಲೂ ಯಾರೂ ಮೂಟೆ ತರಲಿಲ್ಲ. ಅಮಾವಾಸ್ಯೆಗೆ ನೀರು ಒಡ್ಡು ದಾಟಿತು. ಊರಿನ ಗದ್ದೆಗಳೊಂದಿಗೆ ಅವನ ಆ ಒಂದು ತಾಕೂ ಸುಟ್ಟುಹೋಯಿತು.

ಗುರು ಕತೆ ನಿಲ್ಲಿಸಿದರು.

“ಹಾಗಾದರೆ ರಾಶಿ ಹಾಕಿ ನೋಡಿದ್ದೇ ತಪ್ಪೇ?” ಎಂದ ಶಿಷ್ಯ.

“ರಾಶಿ ಸರಿಯಾಗಿಯೇ ಹೇಳಿತು. ಎಲ್ಲಿಯ ತನಕ ಏರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅದರಷ್ಟು ನಿಜವಾಗಿ ಇನ್ನಾವುದೂ ಹೇಳದು. ಅಳೆಯುವಾಗ ಮುಂದೆ ಬಂದ ಕೈ ಕೊಡುವಾಗ ಹಿಂದೆ ಸರಿಯಲು ಬಿಟ್ಟರಲ್ಲ, ಅದು ತಪ್ಪು. ಇರಲಿ. ಮನೆಮನೆಗೂ ಹೋದೆ ಎಂದೆಯಲ್ಲ, ಮೇಲಿನ ಕೇರಿಯಲ್ಲಿ ನಿಮ್ಮ ಅಪ್ಪನ ಮನೆಗೆ ಹೋಗಿದ್ದೆಯಾ?”

ಶಿಷ್ಯ ಹೋಗಿರಲಿಲ್ಲ. ಆ ಮನೆಯ ಬಚ್ಚಲ ನೀರೂ ಕೆಳಗಿನ ಕೇರಿಗೇ ಹರಿಯುತ್ತಿತ್ತು.

“ಏಳು, ಊರನ್ನು ಒಂದೇ ಅಂಗಳಕ್ಕೆ ಕರೆ, ಮೊದಲ ಹಿಡಿ ನಿನ್ನ ಮನೆಯದೇ ಬೀಳಲಿ, ಹಿಡಿ ಹಾಕಿದ ಪ್ರತಿಯೊಬ್ಬನೂ ತನ್ನ ಪಾಲು ತಂದಿಡುವ ತನಕ ಕೆಳಗಿನ ಕೇರಿಯವರ ಕೈಗೆ ಗುದ್ದಲಿ ಕೊಡಬೇಡ.”