ಕಾರಣ ಹೇಳದ ಒಣ ಎಲೆ

ಮಕ್ಕಳೇ, ಗುಡ್ಡಗಳ ನಡುವಿನ ಕುರುಚಲು ಕಾಡಿನಲ್ಲಿ ಒಂದು ಕೆರೆಯಿತ್ತು. ಅದು ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಕಲ್ಲವ್ವ ಎಂಬ ಆಮೆ ತಾನು ಚಿಕ್ಕವಳಿದ್ದಾಗ ಹಳ್ಳಕ್ಕೆ ಅಡ್ಡಲಾಗಿ ಒಂದಿಷ್ಟು ಮಣ್ಣು ಹಾಕಿದ್ದಳು. ಕಂಡವರು ತಾವೂ ಹಾಕಿದರು. ಹಾಗೆ ಮಣ್ಣಿನ ಏರಿ ಬೆಳೆಯಿತು, ಅದರ ಹಿಂದೆ ನೀರು ನಿಂತಿತು.

ಆ ನೀರನ್ನು ಯಾರು ಬೇಕಾದರೂ ಕುಡಿಯಬಹುದಿತ್ತು. ಏರಿಗೆ ಯಾರು ಬೇಕಾದರೂ ಮಣ್ಣು ಹೊರಬಹುದಿತ್ತು. ಒಂದು ಮಳೆಗಾಲವಿಡೀ ಹೊತ್ತವರಿಗೆ ಕೆರೆಯ ಸಭೆಯಲ್ಲಿ ಮತ ಸಿಗುತ್ತಿತ್ತು.

ಸಭೆಗೆ ಕಲ್ಲವ್ವ ಒಂದು ಕಟ್ಟಳೆ ಮಾಡಿದ್ದಳು. "ಏರಿಯನ್ನು ಮುಟ್ಟುವ ಕೆಲಸಕ್ಕೆ ಎಲ್ಲರ ಒಪ್ಪಿಗೆ ಬೇಕು. ಒಬ್ಬರು ಬೇಡವೆಂದರೂ ಕೆಲಸ ನಿಲ್ಲುತ್ತದೆ. ಆದರೆ ಬೇಡ ಎಂದವರು ಯಾಕೆ ಬೇಡವೆಂದು ಎಲ್ಲರೆದುರು ಹೇಳಬೇಕು."

ಇದರಿಂದ ಜಗಳಗಳೇನೋ ಆಗುತ್ತಿದ್ದವು. ಆದರೆ ಜಗಳ ಮುಗಿಯುವ ಹೊತ್ತಿಗೆ ಮುಂದೇನು ಮಾಡಬೇಕೆಂಬುದು ಎಲ್ಲರಿಗೂ ತಿಳಿದಿರುತ್ತಿತ್ತು.

ಒಮ್ಮೆ ಜುಟ್ಟಪ್ಪನೆಂಬ ಮುಳ್ಳುಹಂದಿ ಸಭೆಯಲ್ಲಿ ಎದ್ದು ನಿಂತ. ಅವನು ಒಳ್ಳೆಯ ಕೆಲಸಗಾರ. ಮಣ್ಣು ಹೊರುವುದರಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. "ಏರಿಯ ಮೇಲೆ ಗೆಣಸು ನೆಡೋಣ. ಬೇರು ಹರಡಿ ಮಣ್ಣು ಗಟ್ಟಿಯಾಗುತ್ತದೆ" ಎಂದ.

ನೀರುನಾಯಿ ಹೊನ್ನಿ ತಟ್ಟನೆ ಹೇಳಿದಳು, "ಬೇಡ ಜುಟ್ಟಣ್ಣ. ಗೆಣಸು ಬಲಿತ ದಿನ ಮೊದಲು ಏರಿ ಅಗೆಯುವವನೇ ನೀನು!"

ಕಪ್ಪೆಗಳು ಹೊಟ್ಟೆ ಹಿಡಿದುಕೊಂಡು ನಕ್ಕವು. ಹೊನ್ನಿ ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಹೇಳಿದ ರೀತಿ ಜುಟ್ಟಪ್ಪನ ಎದೆಗೆ ನಾಟಿತು. ಅವನು ನೆಟ್ಟಗೆ ಮನೆಗೆ ಹೋದ.

ಮರುವರ್ಷದ ಸಭೆಯಲ್ಲಿ ಅವನೇ ಒಂದು ಮಾತು ತೆಗೆದ. "ದೊಡ್ಡವರೆದುರು ಬಾಯಿ ಬಿಡಲು ಸಣ್ಣವರಿಗೆ ಹೆದರಿಕೆ. ಬೇಡ ಎಂದವರ ಬಾಯಿಂದ ಕಾರಣ ಯಾಕೆ ಹೊರಡಿಸಬೇಕು? ಹೊಂಗೆ ಮರದ ಪೊಟರೆಯಲ್ಲಿ ಎಲೆ ಹಾಕೋಣ. ಒಪ್ಪಿದವರು ಹಸಿರು ಎಲೆ, ಒಪ್ಪದವರು ಒಣ ಎಲೆ. ಯಾರು ಯಾವುದನ್ನು ಹಾಕಿದರೆಂದು ಯಾರೂ ಕೇಳಬಾರದು."

ಮಾತು ಸಣ್ಣವರ ಪರವಾಗಿ ಕೇಳಿಸಿತು. ಜಗಳಗಳಿಂದ ಬೇಸತ್ತಿದ್ದ ಎಲ್ಲರೂ ಒಪ್ಪಿದರು. ಕಲ್ಲವ್ವನಿಗೆ ಮಾತ್ರ ಮನಸ್ಸಿರಲಿಲ್ಲ. ಆದರೂ 'ಈ ವಯಸ್ಸಿನಲ್ಲಿ ನನಗೇಕೆ ನಿಷ್ಠುರ' ಎಂದುಕೊಂಡು ಸುಮ್ಮನಾದಳು.

ಆ ವರ್ಷ ಮೊದಲ ಮಳೆಗೇ ಹೂಳು ಬಂದು, ಹೆಚ್ಚಾದ ನೀರು ಹರಿದುಹೋಗುವ ಕೋಡಿ ಅರ್ಧ ಮುಚ್ಚಿಹೋಯಿತು. ಹೊನ್ನಿ ಓಡಿ ಬಂದು ಸಭೆ ಕರೆದಳು.

"ಕೋಡಿಯನ್ನು ಅಗಲ ಮಾಡಲೇಬೇಕು. ಇಲ್ಲದಿದ್ದರೆ ದೊಡ್ಡ ಮಳೆಗೆ ಏರಿ ತಡೆಯುವುದಿಲ್ಲ."

ಎಲ್ಲರೂ ಎಲೆ ಹಾಕಿದರು. ಕಲ್ಲವ್ವ ಪೊಟರೆಯಿಂದ ಒಂದೊಂದಾಗಿ ತೆಗೆದಳು. ಹಸಿರು, ಹಸಿರು, ಹಸಿರು. ಕೊನೆಗೊಂದು ಒಣ ಎಲೆ.

"ಯಾರಿದು?" ಎಂದಳು ಹೊನ್ನಿ. "ನೀರು ಕಡಿಮೆಯಾದೀತೆಂಬ ಭಯವೇ? ಹಾಗಿದ್ದರೆ ಕೋಡಿಗೆ ಅಡ್ಡಕಲ್ಲು ಇಡೋಣ. ಹೇಳಿದರೆ ತಾನೇ ಸರಿಪಡಿಸುವುದು?"

"ಕೇಳುವ ಹಾಗಿಲ್ಲ ಮಗಳೇ" ಎಂದಳು ಕಲ್ಲವ್ವ.

ಜುಟ್ಟಪ್ಪ ನೆಲ ನೋಡುತ್ತ ಕುಳಿತಿದ್ದ. ಹೊನ್ನಿ ಗೋಗರೆಯುವುದನ್ನು ಕೇಳಿ ಅವನಿಗೆ ಒಳಗೊಳಗೇ ಹಿತವಾಗಿತ್ತು.

ಹೊನ್ನಿ ಅಡ್ಡಕಲ್ಲಿನ ಯೋಚನೆಯನ್ನೂ ಸೇರಿಸಿ ಮತ್ತೆ ಸಭೆ ಕರೆದಳು. ಈ ಸಲ ಹಸಿರು ಎಲೆಯನ್ನೇ ಹಾಕಬೇಕೆಂದು ಜುಟ್ಟಪ್ಪ ಮನೆಯಿಂದ ಹೊರಟಿದ್ದ. ಆದರೆ ಹೊನ್ನಿಯ ಮುಖ ಕಂಡೊಡನೆ ಕಪ್ಪೆಗಳ ನಗು ಕಿವಿಯಲ್ಲಿ ಮೊಳಗಿದಂತಾಯಿತು. ಇನ್ನೊಂದೇ ಸಲ ಎಂದುಕೊಂಡು ಒಣ ಎಲೆಯನ್ನೇ ಹಾಕಿದ.

ಅಂದಿನಿಂದ ಎಲ್ಲರೂ ಎಲ್ಲರ ಮುಖವನ್ನೂ ಸಂಶಯದಿಂದ ನೋಡತೊಡಗಿದರು. ಏಡಿ ಚಿಮಟಮ್ಮನ ಬಿಲ ಕೋಡಿಯ ಪಕ್ಕದಲ್ಲೇ ಇತ್ತು. ಹೊನ್ನಿ ಅವಳನ್ನು ತಡೆದು ನಿಲ್ಲಿಸಿದಳು.

"ಅಗಲ ಮಾಡಿದರೆ ನಿನ್ನ ಬಿಲ ಹೋಗುತ್ತದೆ. ಅದಕ್ಕೇ ಬೇಡವೆಂದೆಯಾ ಅಕ್ಕ?"

ಚಿಮಟಮ್ಮನ ಕಣ್ಣು ತುಂಬಿತು. "ಬಿಲ ಹೋದರೆ ಹೋಗಲಿ, ಮಕ್ಕಳನ್ನು ಎತ್ತಿಕೊಂಡು ಬೇರೆ ಕಡೆ ಹೋಗುತ್ತೇನೆ ಎಂದುಕೊಂಡು ಹಸಿರೆಲೆ ಹಾಕಿದ್ದೆ. ನನ್ನನ್ನು ಹೀಗೆ ತಿಳಿದುಕೊಂಡೆಯಲ್ಲ ಹೊನ್ನಿ!"

ಮಾರನೆಯ ದಿನದಿಂದ ಚಿಮಟಮ್ಮ ಮಣ್ಣು ಹೊರಲು ಬರಲಿಲ್ಲ. ಕಪ್ಪೆಗಳೂ ಸಭೆಗೆ ಬರುವುದನ್ನು ಬಿಟ್ಟವು. ನಾನೇ ಎಂದು ಹೇಳಿಬಿಡಬೇಕೆಂದು ಜುಟ್ಟಪ್ಪನಿಗೆ ಅನಿಸುತ್ತಿತ್ತು. ಆದರೆ ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು.

ದೊಡ್ಡ ಮಳೆ ಹಿಡಿಯಿತು. ನೀರು ಏರಿಯ ಅಂಚಿಗೆ ಬಂತು.

"ಅಜ್ಜಿ, ಯಾರನ್ನೂ ಕೇಳದೆ ಅಗೆದುಬಿಡುತ್ತೇನೆ" ಎಂದಳು ಹೊನ್ನಿ.

"ಇವತ್ತು ನೀನು ಕಟ್ಟಳೆ ಮುರಿದರೆ ನಾಳೆ ಇನ್ನೊಬ್ಬರು ಮುರಿಯುತ್ತಾರೆ. ಮತ್ತೊಮ್ಮೆ ಎಲ್ಲರನ್ನೂ ಕರೆ. ನಾನು ಇಲ್ಲೇ ಕಾಯುತ್ತಿರುತ್ತೇನೆ" ಎಂದಳು ಕಲ್ಲವ್ವ, ಏರಿಯ ಮೇಲೆ ಕುಳಿತು.

ಹೊನ್ನಿ ಮನೆಮನೆಗೆ ಓಡಿದಳು. ಕರೆ ಕೇಳಿ ಜುಟ್ಟಪ್ಪ ಎಲ್ಲರಿಗಿಂತ ಮೊದಲು ಹೊರಬಿದ್ದ. ದಾರಿಯಲ್ಲಿ ಸಿಕ್ಕ ಹಸಿರು ಎಲೆಯೊಂದನ್ನು ಬಾಯಲ್ಲಿ ಕಚ್ಚಿಕೊಂಡು ಓಡುತ್ತಿದ್ದ. ಅವನು ಹೊಂಗೆ ಮರ ತಲುಪುವ ಮೊದಲೇ ಏರಿ ನಡುವಿನಲ್ಲಿ ಬಾಯಿಬಿಟ್ಟಿತು. ಗುಡ್ಡ ಕುಸಿದಂಥ ಸದ್ದು. ಕೆರೆಯೆಲ್ಲ ಒಮ್ಮೆಲೇ ಕಣಿವೆಗೆ ನುಗ್ಗಿತು.

ಮಳೆ ನಿಂತಾಗ ಕೆರೆಯಿದ್ದ ಕಡೆ ಬರೀ ಕೆಸರು. ಕೆಸರಿನ ತುಂಬ ಬಾಯಿ ತೆರೆದು ಬಿದ್ದ ಮೀನುಗಳು. ಚಿಮಟಮ್ಮ ಮಕ್ಕಳ ಹೆಸರು ಹಿಡಿದು ಕೂಗುತ್ತ ಅತ್ತಿಂದಿತ್ತ ಅಲೆಯುತ್ತಿದ್ದಳು. ಕಲ್ಲವ್ವ ಕೆಳಗಿನ ಬಂಡೆಗಳ ನಡುವೆ ಸಿಕ್ಕಳು. ಅವಳ ಚಿಪ್ಪು ಒಡೆದಿತ್ತು, ಉಸಿರು ನಿಂತಿತ್ತು.

ಜುಟ್ಟಪ್ಪ ಹೊನ್ನಿಯ ಎದುರು ಬಂದು ನಿಂತ. "ಒಣ ಎಲೆ ಹಾಕಿದ್ದು ನಾನು" ಎಂದ.

"ಯಾಕೆ?"

"ಗೆಣಸಿನ ದಿನ ಎಲ್ಲರೂ ನಕ್ಕರು. ನೀನು ನಗಿಸಿದೆ. ಅದೊಂದು ಬಿಟ್ಟು ಬೇರೇನೂ ಇಲ್ಲ."

"ನನ್ನದೂ ತಪ್ಪೇ ಜುಟ್ಟಣ್ಣ" ಎಂದಳು ಹೊನ್ನಿ. "ಅವತ್ತೇ ಬಂದು ನನ್ನನ್ನು ಬೈದಿದ್ದರೆ ನಾವಿಬ್ಬರೂ ಅವತ್ತೇ ಜಗಳವಾಡಿ ಮುಗಿಸುತ್ತಿದ್ದೆವಲ್ಲ!"

ಉಳಿದವರು ಕಣಿವೆಯ ಕೆಳಗೆ ಹೊಸ ಏರಿ ಕಟ್ಟಲು ಹೊರಟರು. "ಬರುವುದಾದರೆ ಬಾ, ಯಾರೂ ತಡೆಯುವುದಿಲ್ಲ" ಎಂದಳು ಹೊನ್ನಿ. ಜುಟ್ಟಪ್ಪ ಅವರ ಹಿಂದೆ ಸ್ವಲ್ಪ ದೂರ ನಡೆದ. ಮುಂದೆ ಹೋಗುತ್ತಿದ್ದ ಚಿಮಟಮ್ಮ ಒಬ್ಬಳೇ ಇದ್ದಳು, ಅವಳ ಬೆನ್ನ ಮೇಲೆ ಒಂದು ಮರಿಯೂ ಇರಲಿಲ್ಲ. ಅದನ್ನು ಕಂಡು ಅವನ ಕಾಲು ಮುಂದೆ ಸಾಗಲಿಲ್ಲ. ಅವರೆಲ್ಲ ತಿರುವಿನಲ್ಲಿ ಮರೆಯಾಗುವವರೆಗೂ ಅವನು ಅಲ್ಲೇ ನಿಂತಿದ್ದ.

ನೀತಿ: ಎಲ್ಲರ ಕೆಲಸವನ್ನು ತಡೆಯುವ ಹಕ್ಕು ಇರುವವರು ತಡೆಯುವುದು ಏಕೆಂದು ಎಲ್ಲರೆದುರು ಹೇಳಬೇಕು, ಕಾರಣ ಹೇಳದೆ ಬಚ್ಚಿಟ್ಟ ಮುನಿಸು ಎಲ್ಲರನ್ನೂ ಮುಳುಗಿಸುತ್ತದೆ.