ಗಾಳಿಯ ಜಮಖಾನ

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಚಂಪಲಾದೇವಿಯವರ ಮೂರು ಒಗಟು ಬಿಡಿಸಿದವನಿಗೆ ಅವರನ್ನೇ ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ತಲೆ ಹಾರುತ್ತದೆ!"

ಕೆಂಚಭೂಪಾಲ ಮಹಾರಾಜ ಡಂಗುರ ಹೊಡೆಸಿದ್ದೇ ತಡ, ತಲೆ ಮೇಲೆ ಆಸೆಯಿಲ್ಲದವರೆಲ್ಲ ಅರಮನೆಗೆ ನುಗ್ಗಿದರು.

ರಾಜಕುಮಾರಿ ಮೊದಲನೆಯದನ್ನು ಕೇಳಿದಳು: "ಊರಿಂದ ಊರಿಗೆ ಓಡುತ್ತದೆ, ಆದರೆ ಅದರಲ್ಲಿರುವ ಯಾವುದೂ ಅದರ ಜೊತೆ ಹೋಗುವುದಿಲ್ಲ. ಏನದು?"

"ನನ್ನ ಕುದುರೆ!" ಎಂದ ನೆರೆರಾಜ್ಯದ ರಣಧವಳ. "ಎಷ್ಟು ಸಲ ನನ್ನನ್ನು ಬೀಳಿಸಿ ಓಡಿಲ್ಲ!"

ಅವನನ್ನು ಸೆರೆಮನೆಗೆ ಎಳೆದೊಯ್ದರು, ಸಂಜೆಗೆ ತಲೆದಂಡ. ಆಸ್ಥಾನದ ಜೋಯಿಸರು ಗಂಟಲು ಸರಿಮಾಡಿಕೊಂಡು "ಚಾಡಿ ಮಾತು" ಎಂದರು.

"ನಿಮ್ಮ ಚಾಡಿ ನಿಮ್ಮ ಜೊತೆಗೇ ಬರುತ್ತದಲ್ಲ ಜೋಯಿಸರೇ," ಎಂದಳು ರಾಜಕುಮಾರಿ. ಅವರೂ ಒಳಗೆ ಹೋದರು.

ಅಲ್ಲೇ ಜಮಖಾನದ ಧೂಳು ಕೊಡವುತ್ತಿದ್ದ ಆಳು ಮಾಚ ಕಿಸಕ್ಕೆಂದುಬಿಟ್ಟ. ಹಾಳಾದ ನಗು, ಎಲ್ಲಿ ಬರಬಾರದೋ ಅಲ್ಲೇ ಬರುತ್ತದೆ ನೋಡಿ!

"ನಕ್ಕವನೇ ಉತ್ತರ ಹೇಳಲಿ," ಎಂದಳು ರಾಜಕುಮಾರಿ.

ಮಾಚನ ಜೀವ ಬಾಯಿಗೆ ಬಂತು. ಮನೆಯಲ್ಲಿ ಅವ್ವ ಒಬ್ಬಳೇ, ತನ್ನ ತಲೆ ಹೋದರೆ ಅವಳ ಗತಿಯೇನು? ಕೈ ಗಡಗಡ ನಡುಗಿತು. ಹಿಡಿದಿದ್ದ ಜಮಖಾನದಲ್ಲಿ ಒಂದು ಉಬ್ಬು ಎದ್ದು, ಸರಸರ ಓಡಿ, ಆಚೆ ತುದಿಯಲ್ಲಿ ಕಾಲಿಟ್ಟಿದ್ದ ಮಹಾರಾಜರ ಪಾದುಕೆಯನ್ನೇ ಹಾರಿಸಿತು. ಜಮಖಾನ ಮಾತ್ರ ಇದ್ದಲ್ಲೇ ಇತ್ತು.

"ಅಯ್ಯಯ್ಯೋ, ಅಲೆ!" ಎಂದು ಕಿರುಚಿದ.

"ಸರಿ," ಎಂದಳು ರಾಜಕುಮಾರಿ. "ಎರಡನೆಯದು: ನೂರು ಊರಿಗಿಂತ ಉದ್ದದ ಅಲೆ ನಮ್ಮ ತಲೆ ಮೇಲೇ ಹೋಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಎಲ್ಲಿದೆ ಅದು?"

"ತಲೆ ಮೇಲೆ ಇನ್ನೇನಿದೆ ತಾಯಿ? ಗಾಳಿಯಲ್ಲೇ ಇರಬೇಕು."

"ಹಾಗಾದರೆ ಮೂರನೆಯದು: ಒಂದೇ ದಿನ ನಮಗೆ ಮಳೆ, ರಣಧವಳನ ಊರಿಗೆ ಬಿಸಿಲು. ಯಾಕೆ?"

ಮಾಚ ದಿಕ್ಕುತೋಚದೆ ಜಮಖಾನ ನೋಡಿದ. ನಡುಕ ಇನ್ನೂ ನಿಂತಿರಲಿಲ್ಲ. ಉಬ್ಬುವ ಕಡೆ ಧೂಳು ಏರುತ್ತಿತ್ತು, ತಗ್ಗುವ ಕಡೆ ಇಳಿಯುತ್ತಿತ್ತು.

"ಆ ಅಲೇಲಿ ಗಾಳಿ ಏರೋ ಕಡೆ ಮೋಡ ಕಟ್ಟಿ ಮಳೆ ಬರುತ್ತೆ, ಇಳಿಯೋ ಕಡೆ ಬಿಸಿಲು... ಅಲ್ವಾ ತಾಯಿ?"

"ಗೆದ್ದೆ!" ಎಂದಳು ರಾಜಕುಮಾರಿ.

ಪಾದುಕೆ ಹುಡುಕುತ್ತಲೇ ಮಹಾರಾಜ ಕೇಳಿದ, "ಮಳೆ ಬರುವ ಅರ್ಧ ರಾಜ್ಯ ಬೇಕೋ, ಬಿಸಿಲಿನ ಅರ್ಧವೋ?"

"ಯಾವುದಾದ್ರೂ ಕೊಡಿ ಬುದ್ಧಿ. ಅಲೆ ಮುಂದಕ್ಕೆ ಹೋಗುತ್ತೆ, ನಾಳೆ ಅದಲುಬದಲು. ಮೊದಲು ಒಳಗಿರೋರನ್ನ ಬಿಡಿಸಿ, ಅವರಿಗೂ ಅವ್ವಂದಿರಿದ್ದಾರೆ."

"ಮತ್ತೆ ಮದುವೆ?" ಎಂದಳು ರಾಜಕುಮಾರಿ.

"ಅವ್ವನ್ನ ಕೇಳಿ ಹೇಳ್ತೀನಿ," ಎಂದು ಮಾಚ ಮನೆಗೆ ಓಡಿ, ಅವ್ವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತು, ಎಲ್ಲ ಹೇಳಿದ.

ಅವ್ವ ಕಣ್ಣೊರೆಸಿಕೊಂಡು ಒಪ್ಪಿದಳು. "ಸೊಸೆ ಬರಲಿ ಮಗಾ, ಬೇಡ ಅನ್ನಲ್ಲ. ಆದ್ರೆ ಈ ಮನೇಲಿ ಒಗಟು ಗಿಗಟು ಹಾಕಕೂಡದು ಅಂತ ಹೇಳು. ನನಗಿರೋದು ಒಂದೇ ತಲೆ."