ಮ್ಯಾನಿಫೋಲ್ಡಿನ ಬಾಣಂತನ

ಅರಸರ ಹಳೇ ಸ್ಪೋರ್ಟ್ಸ್ ಕಾರಿನ ಹೊಗೆ ಹೊರಹಾಕುವ ಮ್ಯಾನಿಫೋಲ್ಡ್ ಸೀಳಿತ್ತು. ಮೇಸ್ತ್ರಿ ಅದಕ್ಕೆ ಬೆಸುಗೆ ಹಾಕಿ, ನಿಗಿನಿಗಿ ಅನ್ನುತ್ತಿದ್ದ ಬೀಡುಕಬ್ಬಿಣವನ್ನು ಬೂದಿಯಲ್ಲಿ ಹೂತಿಟ್ಟ. ಮೆಲ್ಲಗೆ ಆರದಿದ್ದರೆ ಮತ್ತೆ ಸೀಳುತ್ತೆ, ಬೈಗುಳವೆಲ್ಲ ಅವನ ಪಾಲಿಗೆ.

“ನೀರಿಗೆ ಅದ್ದಯ್ಯಾ! ಕ್ಲಬ್ಬಿನವರೆಲ್ಲ ನನ್ನ ಕಾರಿಗೇ ಕಾಯ್ತಿದ್ದಾರೆ!” ಅರಸರ ಮೀಸೆ ಕುಣಿಯಿತು.

ಮೇಸ್ತ್ರಿ ವಾದಕ್ಕಿಳಿಯಲಿಲ್ಲ. ಕಾರಿನಲ್ಲಿ ಕೂತಿದ್ದ ಅವರ ತಾಯಿಗೂ ಕೇಳುವಂತೆ, “ಬುದ್ಧೀ, ಇದು ಹಸಿ ಬಾಣಂತಿ ಇದ್ದಂಗೆ. ತಣ್ಣೀರು ಹುಯ್ಯಲಾ?” ಅಂದ.

ಮುದುಕಮ್ಮ ಧಡಕ್ಕನೆ ಇಳಿದು ಮಗನನ್ನು ಗದರಿದರು. “ಪುಟ್ಟೂ, ಮುಟ್ಟೀಯ ಜೋಕೆ! ಗಂಡಸರಿಗೇನು ಗೊತ್ತಾಗುತ್ತೆ!” ಅಂತ ಬೂದಿಗುಡ್ಡೆಗೇ ಕಾವಲು ಕೂತರು.

ಸಂಜೆ ಮ್ಯಾನಿಫೋಲ್ಡ್ ಕಾರಿಗೆ ಕೂತಿತು, ಇಂಜಿನ್ ಗುಡುಗಿತು. ಅಮ್ಮನಿಗೆ ಮಾತ್ರ ಚಿಂತೆ. “ಸಾಂಬ್ರಾಣಿ ಹೊಗೆ ಹಾಕಲೇ ಇಲ್ವಲ್ಲಯ್ಯಾ?”

“ಹೊಗೆಗೇನು ಬರ ಅಮ್ಮಾವ್ರೇ? ಮಗೂನ ಒಂದ್ಗಳಿಗೆ ಕಾರಿನ ಹಿಂದೆ ನಿಲ್ಲಿಸಿ,” ಅಂದ ಮೇಸ್ತ್ರಿ, ಅರಸರ ಕಡೆ ಕೈತೋರಿಸಿ.